ನೀರು ಸುರಿಯುವ ಸೋಮವಾರ

ಕೊಶಿತ್ಸೆ
6 ಏಪ್ರಿಲ್ 1994

ಅಣ್ಣ,

ನೀನು ನಿನ್ನ ಐದು ವರ್ಷದ ಮಗಳನ್ನು ಹಾಸಿಗೆ ಪೆಟ್ಟಿಗೆಯಿಂದ ಕಾಲು ಹಿಡಿದು ಎಳೆದು, ಬಾವಿಯ ಬಳಿಗೆ ಹೊತ್ತೊಯ್ದು, ತಲೆಯ ಮೇಲೆ ಒಂದು ಬಕೆಟ್ ತಣ್ಣೀರು ಸುರಿದೆ. ಅವಳು ಬೇಡ ಬೇಡ ಎಂದು ಕಿರುಚುತ್ತಿದ್ದಳು. ಇದು ಅನ್ಯಾಯ. ಈಸ್ಟರ್ ಸೋಮವಾರ ಗಂಡಸರು ಮನೆಮನೆಗೆ ಹೋಗಿ ಹೆಂಗಸರಿಗೆ ನೀರು ಸುರಿದು ಚಾಟಿ ಬೀಸುವುದು ಪದ್ಧತಿ ಎಂದರೂ ಅನ್ಯಾಯವೇ.

ಸೋಮವಾರದಿಂದ ನನಗೆ ಊಟ ಸೇರುತ್ತಿಲ್ಲ. ಅಮ್ಮ ಕಟ್ಟಿಕೊಟ್ಟ ಹಂದಿಮಾಂಸ, ಮೊಟ್ಟೆಗಿಣ್ಣು, ಹಬ್ಬದ ಪಾಸ್ಕಾ ರೊಟ್ಟಿ ಎಲ್ಲವನ್ನೂ ಲಾಂಡ್ರಿಯ ಜೊತೆಗಾರ್ತಿಯರಿಗೆ ಹಂಚಿಬಿಟ್ಟೆ. ಪೊಟ್ಟಣ ಬಿಚ್ಚಿದರೆ ಲಿಪ್ನಾದ ನಮ್ಮ ಅಂಗಳವೇ ಮೂಗಿಗೆ ಬಡಿಯುತ್ತಿತ್ತು. ಪ್ಲಮ್ ಸಾರಾಯಿ, ಅಗ್ಗದ ಸೆಂಟು, ನೆಂದ ಉಣ್ಣೆಬಟ್ಟೆ, ಗಂಡಸರ ಮೀಸೆಗೆ ಅಂಟಿದ ಮೊಟ್ಟೆಯ ಹಳದಿ. ಇಡೀ ದಿನ ಆಸ್ಪತ್ರೆಯ ಕೊಳಕು ಹೊದಿಕೆ ಒಗೆಯುವವಳು ನಾನು. ಅದಕ್ಕೂ ಇಷ್ಟು ಅಸಹ್ಯಪಟ್ಟವಳಲ್ಲ.

ಶನಿವಾರ ಮೊಟ್ಟೆಗೆ ಬಣ್ಣ ಹಾಕುವಾಗ ಬ್ರೋನ್ಕಾ ನನ್ನನ್ನು ಕೇಳಿದ್ದಳು: "ಅತ್ತೆ, ಸೋಮವಾರ ನಂಗೂ ಸುರೀತಾರಾ?" ನಿನಗೆ ಬೇಡವೆಂದರೆ ಯಾರೂ ಸುರಿಯುವುದಿಲ್ಲ ಎಂದು ಮಾತು ಕೊಟ್ಟೆ. ಬೆಳಿಗ್ಗೆ ಐದು ಗಂಟೆಗೇ ಎದ್ದು ಬೇಲಿಯ ಬಾಗಿಲಿಗೆ ಕಾಗದ ಹೊಡೆದೆ. "ಈ ಮನೆಯ ಹೆಣ್ಣುಮಕ್ಕಳ ಮೇಲೆ ನೀರು ಸುರಿಯುವ, ಚಾಟಿ ಬೀಸುವ ಹಕ್ಕು ಯಾರಿಗೂ ಇಲ್ಲ. ದಯವಿಟ್ಟು ಮುಂದಕ್ಕೆ ಹೋಗಿ." ದಯವಿಟ್ಟು ಎಂದೂ ಬರೆದಿದ್ದೆ, ನೆನಪಿಟ್ಟುಕೋ. ಒಂಬತ್ತು ಗಂಟೆಯವರೆಗೆ ಒಬ್ಬನೂ ಒಳಗೆ ಬರಲಿಲ್ಲ. ಮಾತು ಉಳಿಸಿಕೊಂಡೆ ಎಂದುಕೊಂಡೆ.

ಆಮೇಲೆ ನೀನು ಹಿತ್ತಲಿನ ಬೇಲಿ ಹಾರಿ ಸಿರಿಲ್ ಚಿಕ್ಕಪ್ಪನ ಮನೆಗೆ ಹೋದೆ. ಅವರನ್ನೂ ಅವರ ನಾಲ್ಕು ಜನ ಕುಡುಕ ಗೆಳೆಯರನ್ನೂ ಕಟ್ಟಿಕೊಂಡು, ಕಾಗದ ಹರಿದು, ಮುಂಬಾಗಿಲಿನಿಂದ ಬಂದೆ. ಹುಟ್ಟಿದ ಮನೆಗೆ ಅತಿಥಿಯಾಗಿ ಬಂದೆ! ಹೆತ್ತ ತಾಯಿಯ ಮೇಲೆ ಬಕೆಟ್ ಬೋರಲು ಹಾಕಿದೆ. ಇರ್ಮಾ ಅತ್ತಿಗೆಯ ಕಾಲಿಗೆ ಚಾಟಿಯಲ್ಲಿ ಬಾರಿಸಿದೆ. ಚಿಕ್ಕಪ್ಪ ನನ್ನ ಕುತ್ತಿಗೆಯೊಳಗೆ ನೀರು ಬಿಟ್ಟು, "ಏನೇ ಸ್ಲಾವ್ಕಾ, ನೀನು ಓದೋ ಪುಸ್ತಕದಲ್ಲಿ ಛತ್ರಿ ಹಿಡಿಯೋದು ಹೇಳ್ಕೊಟ್ಟಿಲ್ವೇನೇ?" ಎಂದರು. ಅದನ್ನೆಲ್ಲ ಸಹಿಸಿಕೊಳ್ಳಬಲ್ಲೆ.

ಆದರೆ ಬ್ರೋನ್ಕಾ. ನೀರು ಬಿದ್ದಾಗ ಅವಳು ಕಿರುಚುವುದನ್ನು ನಿಲ್ಲಿಸಿದಳು. ಬಾಯಿ ತೆರೆದೇ ಇತ್ತು, ಸದ್ದು ಬರಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಚಿಕ್ಕಪ್ಪ ಬೊಟ್ಟು ಮಾಡಿ, "ನೋಡ್ರೋ, ಇವಳೂ ಸುರೀತವ್ಳೆ!" ಎಂದರು. ನೀನು ನಕ್ಕೆ.

ನನಗೆ ಬೇಕಾದದ್ದು ಒಂದೇ. ಮುಂದಿನ ವರ್ಷ ಆ ದಿನ ಅವಳನ್ನು ಲಿಪ್ನಾಗೆ ಕರೆದೊಯ್ಯುವುದಿಲ್ಲ ಎಂದು ನಿನ್ನ ಕೈಯಾರೆ ಬರೆದು ಕಳಿಸು. ಅಲ್ಲಿಯವರೆಗೆ ನಾನು ನಿನ್ನ ಮನೆಗೆ ಬರುವುದಿಲ್ಲ.

ಸ್ಲಾವ್ಕಾ


ಪ್ರೆಶೊವ್
19 ಏಪ್ರಿಲ್ 1994

ಸ್ಲಾವ್ಕಾ,

ನಿನ್ನ ಪತ್ರವನ್ನು ಫ್ಯಾಕ್ಟರಿಯ ಊಟದ ಬಿಡುವಿನಲ್ಲಿ ಓದಿದೆ. ಭಾಷಣದ ಹಾಗಿದೆ. ಎದುರಿಗೆ ಜನ ಇದ್ದಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ನೀನು ಆ ಹೊತ್ತಿಗೆ ಬಾಗಿಲು ಕಾಯುತ್ತಿದ್ದೆ. ನಾನು ಅಡಿಗೆಮನೆಯಲ್ಲಿ ಅಮ್ಮನನ್ನು ಕಾಯುತ್ತಿದ್ದೆ. ಆರು ಗಂಟೆಯಿಂದ ಅವಳು ಹೊಸ ಏಪ್ರನ್ ಕಟ್ಟಿಕೊಂಡು ಪರದೆಯ ಹಿಂದೆ ನಿಂತಿದ್ದಳು. ಸುರಿಯಲು ಬರುವವರಿಗೆಂದು ಅರವತ್ತು ಮೊಟ್ಟೆ, ಎರಡು ತಟ್ಟೆ ಮಾಂಸ, ಅಪ್ಪ ಇದ್ದಾಗ ಇಡುತ್ತಿದ್ದ ಹಾಗೆಯೇ ಎಂಟು ಸಣ್ಣ ಲೋಟ. ಎದುರು ಮನೆಯ ಕೊಲ್ಲಾರನ ಮಗ ಚಾಟಿ ಹಿಡಿದು ನಮ್ಮ ಬೇಲಿಯವರೆಗೆ ಬಂದ. ಕಾಗದ ನೋಡಿದ. ಟೋಪಿ ತೆಗೆದ. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಹೊರಟುಹೋದ. ಅವನ ಹಿಂದೆ ಬಂದವರೂ ಹಾಗೇ.

ಅಮ್ಮ ಕೇಳಿದಳು: "ಏನೋ ಬರ್ದಿದೀರಾ ಅದ್ರಲ್ಲಿ? ನಮ್ಮನೇಲಿ ಯಾರ್ ಸತ್ರೋ?"

ಕಾಗದದ ನಾಲ್ಕೂ ಕಡೆ ದಪ್ಪ ಕಪ್ಪು ಗೆರೆ ಎಳೆದಿದ್ದೆಯಲ್ಲ, ಮಹಾತಾಯಿ! ನಿನ್ನ ಹೆಣ್ಣುಮಕ್ಕಳ ಹಕ್ಕಿನ ಪುಸ್ತಿಕೆಗಳಲ್ಲಿ ಹಾಗೆಯೇ ಅಚ್ಚು ಹಾಕುತ್ತಾರೋ ಏನೋ. ನಮ್ಮೂರಿನಲ್ಲಿ ಬಾಗಿಲಿಗೆ ಕಪ್ಪು ಗೆರೆಯ ಕಾಗದ ಹೊಡೆದರೆ ಅದು ಸಾವಿನ ಸುದ್ದಿ, ಯಾರೂ ಹತ್ತಿರ ನಿಂತು ಓದುವುದಿಲ್ಲ. ಹೆಸರನ್ನು ಆಮೇಲೆ ಬೇರೆಯವರಿಂದ ಕೇಳಿ ತಿಳಿದುಕೊಳ್ಳುತ್ತಾರೆ. ಎಂಟೂವರೆಗೆ ಚರ್ಚಿನ ಗಂಟೆಯಾಳು ಹಿತ್ತಲಿಂದ ಬಂದು, "ಗಂಟೆ ಎಷ್ಟೊತ್ತಿಗೆ ಹೊಡೀಲಿ? ಅಜ್ಜಿ ರಾತ್ರಿನೇ ಹೋಗ್ಬಿಟ್ರಾ?" ಎಂದು ಪಿಸುಗುಟ್ಟಿದ. ಆ ಅಜ್ಜಿ, ನಮ್ಮ ಅಮ್ಮ, ಅವನ ಬೆನ್ನ ಹಿಂದೆಯೇ ನಿಂತು ಮಾಂಸ ಹೆಚ್ಚುತ್ತಿದ್ದಳು.

ಅವಳು ಅಳಲಿಲ್ಲ. ಲೋಟಗಳನ್ನು ಒಂದೊಂದಾಗಿ ಎತ್ತಿ ಕಪಾಟಿನಲ್ಲಿ ಇಡತೊಡಗಿದಳು. ನನ್ನಿಂದ ನೋಡಲಾಗಲಿಲ್ಲ. ಅವಳು ಬದುಕಿದ್ದಾಳೆ ಎಂದು ಊರಿಗೆ ತೋರಿಸಲು ನನಗೆ ಬೇರೆ ದಾರಿ ಹೊಳೆಯಲಿಲ್ಲ. ಅಲ್ಲಿ ಒದ್ದೆಯಾದ ಹೆಂಗಸು ಬದುಕಿರುವ ಹೆಂಗಸು. ಅವಳು ಹೇಗೆ ನಕ್ಕಳು ಎಂಬುದನ್ನು ನೀನು ಬರೆಯಲೇ ಇಲ್ಲ.

ಮಗುವಿಗೆ ಏನೂ ಆಗಿಲ್ಲ. ನೆಗಡಿ ಕೂಡ ಬರಲಿಲ್ಲ. ಎಲ್ಲ ಹುಡುಗಿಯರೂ ಅಳುತ್ತಾರೆ, ಮರೆಯುತ್ತಾರೆ. ನೀನೂ ಅತ್ತಿದ್ದೆ. ಅವಳನ್ನು ಹುಡುಕಿದ ಪಾಪವನ್ನು ಮಾತ್ರ ನನ್ನೊಬ್ಬನ ಮೇಲೆ ಹಾಕಬೇಡ. ನಾನು ಹುಡುಕಲೇ ಇಲ್ಲ, ಅದು ನಿನಗೂ ಗೊತ್ತು.

ಬರೆದುಕೊಡುವುದು ಗಿರೆದುಕೊಡುವುದು ಏನೂ ಇಲ್ಲ. ಮುಂದಿನ ವರ್ಷವೂ ಹೋಗುತ್ತೇವೆ.

ವೆಂಡೊ


ಕೊಶಿತ್ಸೆ
24 ಏಪ್ರಿಲ್ 1994

ಅಣ್ಣ,

ಕಪ್ಪು ಗೆರೆಯ ವಿಷಯ ನನಗೆ ಹೊಳೆದಿರಲಿಲ್ಲ. ಅಮ್ಮನಿಗೆ ಬೇರೆ ಪತ್ರ ಬರೆದು ಕ್ಷಮೆ ಕೇಳಿದ್ದೇನೆ. ಉತ್ತರ ಬಂದಿಲ್ಲ.

ಆದರೆ ನಿನ್ನ ಜಾಣತನ ನೋಡು. ಎರಡು ಪುಟ ಅಮ್ಮನ ಬಗ್ಗೆ ಬರೆದೆ, ಮಗಳಿಗೆ ಕೊಟ್ಟದ್ದು ಮೂರು ಸಾಲು. ಅಮ್ಮ ಬದುಕಿದ್ದಾಳೆ ಎಂದು ತೋರಿಸಲು ಅಮ್ಮನನ್ನು ನೆನೆಸಿದೆ, ಸರಿ. ಬ್ರೋನ್ಕಾ ಬದುಕಿದ್ದಾಳೆ ಎಂದು ಯಾರಿಗೆ ತೋರಿಸಬೇಕಿತ್ತು? ಆ ಐದು ಜನ ಕುಡುಕರಿಗೆ? ಹೆಂಗಸಿಗೆ ಹೊಡೆತವನ್ನು ಗೌರವವೆಂದು ಕಲಿಸುತ್ತಾರೆ. ಹೊಡೆತ ಬೀಳದ ದಿನ ಅವಳೇ ಅವಮಾನವಾಯಿತು ಎಂದು ಕೊರಗುತ್ತಾಳೆ. ಇದಕ್ಕಿಂತ ಹೊಲಸಾದ ಉಪಾಯವನ್ನು ಯಾವ ಸರ್ಕಾರವೂ ಕಂಡುಹಿಡಿದಿಲ್ಲ. ನಾನೂ ಅತ್ತಿದ್ದೆ ನಿಜ. ಮರೆತಿಲ್ಲ. ಆಗ ನನಗೆ ಏಳು ವರ್ಷ. ಚಿಕ್ಕಪ್ಪನ ಹೆಬ್ಬೆರಳು ನನ್ನ ಕಂಕುಳಲ್ಲಿ ಒತ್ತಿದ್ದು ಈಗಲೂ ನೆನಪಿದೆ.

ಮೂರು ಪುಸ್ತಿಕೆ ಇಟ್ಟಿದ್ದೇನೆ. ನೀನು ಓದುವುದಿಲ್ಲ. ಅತ್ತಿಗೆಗೆ ಕೊಡು. ಮಗು ಹೇಗಿದ್ದಾಳೆ ಎಂದು ಅವರಾದರೂ ಬರೆಯಲಿ.

ಸ್ಲಾವ್ಕಾ


ಪ್ರೆಶೊವ್
2 ಜೂನ್ 1994

ಪ್ರೀತಿಯ ಸ್ಲಾವ್ಕಾ,

ನಿನ್ನ ಪುಸ್ತಿಕೆಗಳನ್ನು ವಾಪಸು ಕಳಿಸುತ್ತಿದ್ದೇನೆ. ಎರಡನ್ನು ಓದಿದೆ. ಅದರಲ್ಲಿ ಬರೆದಿರುವುದು ನನಗೆ ಗೊತ್ತಿಲ್ಲದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಹಳ್ಳಕ್ಕೆ ಎಸೆದಿದ್ದರು, ದಡದಲ್ಲಿ ಇನ್ನೂ ಮಂಜು ಇತ್ತು. ಮೂರು ವಾರ ಜ್ವರ. ಆ ಕಥೆಯನ್ನು ನಾನು ಎಲ್ಲರಿಗೂ ನಗುನಗುತ್ತಾ ಹೇಳುತ್ತೇನೆ. ಯಾಕೆ ನಗುತ್ತೇನೆ ಎಂದು ಈ ವರ್ಷವೇ ಮೊದಲ ಸಲ ಯೋಚಿಸಿದ್ದು.

ಬ್ರೋನ್ಕಾ ಚೆನ್ನಾಗಿಲ್ಲ. ಸ್ನಾನದ ತೊಟ್ಟಿಗೆ ಇಳಿಯುವುದಿಲ್ಲ. ಒಂದು ಲೋಟದಲ್ಲಿ ತಾನೇ ನೀರು ತುಂಬಿ, ತಾನೇ ಬಟ್ಟೆ ಅದ್ದಿ, ಬಾಗಿಲು ಮುಚ್ಚಿಕೊಂಡು ಮೈ ಒರೆಸಿಕೊಳ್ಳುತ್ತಾಳೆ. ತಲೆ ತೊಳೆಸಿಕೊಳ್ಳದೆ ಗಂಟುಕಟ್ಟಿ, ಕೂದಲನ್ನು ಗಿಡ್ಡ ಕತ್ತರಿಸಬೇಕಾಯಿತು. ಅಪ್ಪ ಒಳಗೆ ಬಂದರೆ ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಾಳೆ. ರಸ್ತೆ ದಾಟುವಾಗ ಅವರ ಕೈ ಹಿಡಿಯುವುದಿಲ್ಲ. ಕೆಳಗಿನ ಮನೆಯ ಮುದುಕಿಯ ಕೈ ಹಿಡಿಯುತ್ತಾಳೆ. ಡಾಕ್ಟರು ಕಾಯಿರಿ ಎಂದರು.

ಈಗ ನಿನಗೆ ನೋವಾಗುವ ಮಾತು ಬರೆಯಬೇಕು. ಒಂದು ದಿನ ಕೇಳಿದೆ: "ಯಾರ ಮೇಲೆ ಪುಟ್ಟಿ ಕೋಪ? ಅಪ್ಪನ ಮೇಲಾ?"

"ಹೂಂ."

"ಇನ್ಯಾರ ಮೇಲೆ?"

"ಅತ್ತೆ ಮೇಲೆ. ಅತ್ತೆನೇ ಹೇಳ್ಬಿಟ್ಲು."

ನಾನೂ ಕೇಳಿಸಿಕೊಂಡಿದ್ದೆ ಸ್ಲಾವ್ಕಾ. ಅಡಿಗೆಮನೆಯಲ್ಲಿ ಕೂದಲು ಹಿಂಡಿಕೊಳ್ಳುತ್ತಿದ್ದೆ. ವೆಂಡೊ ಅಂಗಳದಿಂದ "ಎಲ್ಲಿ ನನ್ ಮಗ್ಳು?" ಎಂದು ಕೂಗಿದರು. ನೀನು ನಡುಮನೆಯ ಬಾಗಿಲಲ್ಲಿ ನಿಂತು ಕೂಗಿದೆ: "ಹಾಸಿಗೆ ಪೆಟ್ಟಿಗೇಲಿದಾಳೆ! ನಿನ್ ಹೆದ್ರಿಕೆಗೆ ಬಚ್ಚಿಟ್ಕೊಂಡಿದಾಳೆ! ಹೋಗ್ ನೋಡು, ನಾಚ್ಕೆ ಆಗ್ಲಿ ನಿಂಗೆ!"

ಅವರಿಗೆ ನಾಚಿಕೆ ಆಗಲಿಲ್ಲ. ಹೋಗಿ ಎಳೆದು ತಂದರು.

ನಿನ್ನೊಬ್ಬಳನ್ನೇ ದೂರುವ ಯೋಗ್ಯತೆ ನನಗಿಲ್ಲ. ಅವಳು ಕಿರುಚುವಾಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಗಂಡನ ಚಾಟಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದೆ. ನೀರು ಸುರಿದವರಿಗೆ ಪಟ್ಟಿ ಕಟ್ಟಬೇಕಲ್ಲ. ಗಂಟು ಸರಿಯಾಗಿ ಬರಲಿ ಎಂದು ಎರಡು ಸಲ ಬಿಚ್ಚಿ ಕಟ್ಟಿದೆ.

ಇರ್ಮಾ


ಕೊಶಿತ್ಸೆ
11 ಸೆಪ್ಟೆಂಬರ್ 1994

ಅತ್ತಿಗೆ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬರೆದವನ್ನು ಹರಿದೆ. ಅವುಗಳಲ್ಲೆಲ್ಲ ನಾನು ನನ್ನನ್ನೇ ಸಮರ್ಥಿಸಿಕೊಳ್ಳುತ್ತಿದ್ದೆ. ಓದಿದರೆ ಸಿರಿಲ್ ಚಿಕ್ಕಪ್ಪನ ಧ್ವನಿಯೇ ಕೇಳಿಸುತ್ತಿತ್ತು.

ನೀವು ಬರೆದದ್ದು ನಿಜ. ಮೊದಲ ಪತ್ರದಲ್ಲಿ ನಾನು ಅದನ್ನು ಬಿಟ್ಟು ಬರೆದೆ. ಮರೆತು ಬಿಟ್ಟದ್ದಲ್ಲ.

ಯಾಕೆ ಕೂಗಿದೆ ಎಂದು ಈಗ ಹೇಳುತ್ತೇನೆ. ಹೆದರಿ ಕುಗ್ಗಿದ ಮಗುವನ್ನು ಕಂಡರೆ ಎಂಥ ಮನುಷ್ಯನೂ ತಡೆದು ನಿಲ್ಲುತ್ತಾನೆ ಎಂದು ಓದಿದ್ದೆ, ನಂಬಿದ್ದೆ. ಅಣ್ಣ ಪೆಟ್ಟಿಗೆಯ ಮುಚ್ಚಳ ತೆರೆಯಲಿ, ಅವಳ ಮುಖ ನೋಡಲಿ, ನಾಚಿ ತಲೆ ತಗ್ಗಿಸಲಿ, ಅಂಗಳದವರೆಲ್ಲ ಅದನ್ನು ನೋಡಲಿ ಎಂದು ಬಯಸಿದೆ. ನನಗೆ ಗೆಲ್ಲಬೇಕಿತ್ತು. ಗೆಲ್ಲಲು ನನ್ನ ಹತ್ತಿರ ಇದ್ದದ್ದು ಅವಳೊಬ್ಬಳೇ. ಅಲ್ಲಿ ಬಚ್ಚಿಟ್ಟುಕೋ ಎಂದು ಹೇಳಿದವಳೂ ನಾನೇ. ನಾನು ಕರೆಯುವವರೆಗೆ ಉಸಿರು ಬಿಡಬೇಡ ಎಂದಿದ್ದೆ. ಅವಳು ಅಷ್ಟೂ ಹೊತ್ತು ಗರಿಯ ಹೊದಿಕೆಯ ಕೆಳಗೆ ಹಾಗೆಯೇ ಇದ್ದಳು.

ಲಾಂಡ್ರಿಯಲ್ಲಿ ನೀರು ತುಂಬಿದ ಹಂಡೆಯ ಮೇಲೆ ಬಗ್ಗಿದರೆ ನನ್ನ ಮುಖ ಕಾಣುತ್ತದೆ. ಅದನ್ನು ಕಂಡರೆ ಉಗಿಯಬೇಕು ಎನಿಸುತ್ತದೆ.

ಇದರಿಂದ ಅಣ್ಣನ ತಪ್ಪು ಒಂದು ಕೂದಲಿನಷ್ಟೂ ಕಡಿಮೆಯಾಗುವುದಿಲ್ಲ. ನಾನು ಜಾಗ ಹೇಳಿದೆ, ಅವನು ಎಳೆದ, ನೀವು ಪಟ್ಟಿ ಕಟ್ಟಿದಿರಿ, ಅಮ್ಮ ಸಾರಾಯಿ ಬಗ್ಗಿಸಿದಳು. ನಾಲ್ಕು ಜನ ದೊಡ್ಡವರು ಸೇರಿ ಒಂದು ಮಗುವಿಗೆ ಮಾಡಿದ ಕೆಲಸ ಅದು.

ಈ ಪತ್ರವನ್ನು ಅವಳಿಗೆ ಓದಿ ಹೇಳಬೇಡಿ. ನನ್ನ ಬಾಯಿಂದಲೇ ಹೇಳಬೇಕು. ಆದರೆ ಅವಳು ನನ್ನನ್ನು ನೋಡಲು ಒಪ್ಪದೆ ನಾನು ಬರುವುದಿಲ್ಲ. ಒಪ್ಪುತ್ತಾಳೆಯೇ ಎಂದು ಆಗಾಗ ಕೇಳಿ. ಒತ್ತಾಯ ಮಾಡಬೇಡಿ.

ಸ್ಲಾವ್ಕಾ


ಪ್ರೆಶೊವ್
27 ಡಿಸೆಂಬರ್ 1994

ಸ್ಲಾವ್ಕಾ,

ಕ್ರಿಸ್‌ಮಸ್‌ಗೆ ಲಿಪ್ನಾಗೆ ಹೋಗಿದ್ದೆವು. ನಿನ್ನ ತಟ್ಟೆಯನ್ನು ಅಮ್ಮ ಇಟ್ಟಿದ್ದಳು, ಖಾಲಿಯಾಗಿಯೇ ಉಳಿಯಿತು.

ಚಿಕ್ಕಪ್ಪ ಮೀನು ತಿನ್ನುತ್ತಾ ಬ್ರೋನ್ಕಾಳ ಕಡೆ ತಿರುಗಿ, "ಏನಮ್ಮಾ ಗಿಡ್ಡ ಕೂದ್ಲು, ಈ ಸಲ ಈಸ್ಟರ್‌ಗೆ ದೊಡ್ಡ ಬಕೆಟ್ ತಗೊಂಡಿದೀನಿ, ರೆಡಿ ತಾನೇ?" ಎಂದರು. ಹುಡುಗಿ ಚಮಚ ಕೆಳಗಿಟ್ಟು, ಕುರ್ಚಿಯಿಂದ ಇಳಿದು, ಮೇಜಿನ ಕೆಳಗೆ ಹೋಗಿ ಕೂತಳು. ಅಲ್ಲಿಂದ ನನ್ನ ಬೂಟು ಕಾಣುತ್ತದೆಂದು ಆ ಕಡೆಯ ತುದಿಗೆ ಸರಿದಳು. ಚಿಕ್ಕಪ್ಪ ನಕ್ಕರು. ಹಲ್ಲಿನ ಸಂದಿಯಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡು ಅಲುಗುತ್ತಿತ್ತು, ತುಟಿಯ ಮೇಲೆ ಜಿಡ್ಡು. ನಾನು ಎದ್ದು ಹೊರಗೆ ಹೋಗಿ ಹಿಮದಲ್ಲಿ ನಿಂತೆ. ಬಾವಿಯ ಹತ್ತಿರ ನಾನು ನಕ್ಕದ್ದೂ ಅದೇ ನಗು ಎಂದು ಆಗ ತಿಳಿಯಿತು.

ಒಳಗೆ ಬಂದು, "ಚಿಕ್ಕಪ್ಪ, ಸಾಕು ಮಾಡಿ" ಎಂದೆ.

"ಏನೋ ವೆಂಡೊ, ನಿಂಗೂ ತಂಗಿ ಕಾಗದ ಕಳ್ಸಿದ್ಲಾ?"

"ಹೂಂ, ಕಳ್ಸಿದ್ಲು. ಸಾಕು ಮಾಡಿ ಅಂದ್ನಲ್ಲ."

ಇನ್ನೊಂದು. ಪಾತ್ರೆ ತೊಳೆಯುವಾಗ ಅಮ್ಮ ತಾನಾಗಿ ಹೇಳಿದಳು: "ಮುಂದಿನ್ ಸಲ ನೀರು ಬಿಸಿ ಮಾಡ್ಕೊಂಡು ಬಾರೋ. ಮೊಣಕಾಲು ಹಿಡ್ಕೊಂಡು ಮೇ ತಿಂಗಳವರ್ಗೂ ಏಳಕ್ಕಾಗ್ಲಿಲ್ಲ." ಅವಳಿಗೆ ಚಳಿಯಾಗುತ್ತದೆ ಎಂದು ನನಗೆ ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಅವಳೂ ಹೇಳಿರಲಿಲ್ಲ.

ಎಂಟು ತಿಂಗಳಾಯಿತು, ಮಗಳು ನನ್ನ ಕೈ ಹಿಡಿದು. ನೀನು ಓದಿದವಳು. ಏನು ಮಾಡಬೇಕು ಹೇಳು. ಭಾಷಣ ಬೇಡ.

ವೆಂಡೊ


ಕೊಶಿತ್ಸೆ
8 ಜನವರಿ 1995

ಅಣ್ಣ,

ಪುಸ್ತಿಕೆಗಳಲ್ಲಿ ಇದಕ್ಕೆ ಉತ್ತರವಿಲ್ಲ, ಹುಡುಕಿದೆ. ನನಗೆ ತೋಚಿದ್ದನ್ನು ಬರೆಯುತ್ತೇನೆ.

ಅವಳಿಗಿಂತ ತಗ್ಗಿನಲ್ಲಿ ಕೂತುಕೋ, ನೆಲದ ಮೇಲೆ. ನೀನು ಬೇಡ ಅಂದೆ, ನಾನು ಸುರಿದೆ, ಅದು ತಪ್ಪು ಎಂದು ಹೇಳು. "ಆದರೆ" ಎಂದು ಸೇರಿಸಬೇಡ. ಅಜ್ಜಿಯ ವಿಷಯ ತೆಗೆಯಬೇಡ, ಚಿಕ್ಕಪ್ಪನ ವಿಷಯವೂ ಬೇಡ. ಚಾಕಲೇಟು ಕೊಡಬೇಡ. ಕ್ಷಮಿಸಿದೆಯಾ ಎಂದು ಕೇಳಬೇಡ. ಎದ್ದು ಹೋಗು.

ಈಸ್ಟರ್‌ನ ಸೋಮವಾರ ಅವಳನ್ನು ಲಿಪ್ನಾಗೆ ಒಯ್ಯುವುದಿಲ್ಲ ಎಂಬುದನ್ನೂ ಆಗಲೇ ಹೇಳು. ನನಗೆ ಬರೆದುಕೊಡುವುದು ಬೇಡ. ಅವಳಿಗೆ ಹೇಳಿದರೆ ಸಾಕು.

ಸ್ಲಾವ್ಕಾ


ಪ್ರೆಶೊವ್
26 ಮಾರ್ಚ್ 1995

ಪ್ರೀತಿಯ ಸ್ಲಾವ್ಕಾ,

ಅವರು ನಿನ್ನ ಪತ್ರವನ್ನು ಎರಡು ತಿಂಗಳು ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಕಳೆದ ಭಾನುವಾರ ಅಡಿಗೆಮನೆಯ ನೆಲದ ಮೇಲೆ ಕೂತು ಹೇಳಿದರು. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ, ತಲೆ ಎತ್ತಲಿಲ್ಲ. ಬ್ರೋನ್ಕಾ ಪೂರ್ತಿ ಕೇಳಿ, "ಸರಿ" ಎಂದು ಆಡಲು ಹೋದಳು. ಅವರು ತುಂಬ ಹೊತ್ತು ಅಲ್ಲೇ ಕೂತಿದ್ದರು. ಮಾರನೆಯ ದಿನ ರಸ್ತೆ ದಾಟುವಾಗ ಅವಳು ಕೈ ಕೊಡಲಿಲ್ಲ. ಮಫ್ಲರಿನ ಒಂದು ತುದಿಯನ್ನು ಅಪ್ಪನಿಗೆ ಕೊಟ್ಟಳು. ಅವರು ಅದನ್ನು ಹಿಡಿದುಕೊಂಡು ದಾಟಿದರು.

ಈಸ್ಟರ್ ಸೋಮವಾರ ವೆಂಡೊ ಒಬ್ಬರೇ ಅಮ್ಮನ ಹತ್ತಿರ ಹೋಗುತ್ತಾರೆ. "ಬೊಗಸೆಯಷ್ಟು ಸಾಕು, ಉಗುರುಬೆಚ್ಚಗಿರ್ಲಿ, ಚಾಟಿ ಬೇಡ" ಎಂದು ಅಮ್ಮ ಹೇಳಿ ಕಳಿಸಿದ್ದಾರೆ. ನೀನು ಇದಕ್ಕೂ ಮುಖ ಸಿಂಡರಿಸುತ್ತೀಯ, ಗೊತ್ತು.

ಆ ದಿನ ನಾನೂ ಬ್ರೋನ್ಕಾಳೂ ನಿನ್ನಲ್ಲಿಗೆ ಬರೋಣವೇ? ಅವಳನ್ನೂ ಕೇಳಿದೆ. ಅವಳು ಬಹಳ ಯೋಚಿಸಿ, "ಅತ್ತೆ ಊರಲ್ಲಿ ಚಿಕ್ಕಜ್ಜಂದಿರು ಇದಾರಾ?" ಎಂದಳು. ಇಲ್ಲ ಎಂದೆ. "ಹಂಗಾದ್ರೆ ನೋಡ್ತೀನಿ. ಇಷ್ಟ ಆಗ್ಲಿಲ್ಲ ಅಂದ್ರೆ ಅದೇ ರೈಲಲ್ಲಿ ವಾಪಸ್ ಬಂದ್ಬಿಡೋಣ" ಎಂದಳು. ನಾನು ಒಪ್ಪಿದೆ. ಅವಳು ಪ್ಲಾಟ್‌ಫಾರ್ಮಿನಿಂದಲೇ ತಿರುಗಿ ಹೋಗುತ್ತೇನೆ ಎಂದರೆ ನೀನು ತಡೆಯಬಾರದು.

ಇರ್ಮಾ


ಕೊಶಿತ್ಸೆ
9 ಏಪ್ರಿಲ್ 1995

ಅತ್ತಿಗೆ,

ತಡೆಯುವುದಿಲ್ಲ.

ಅಮ್ಮನ ಬೊಗಸೆ ನೀರಿಗೆ ಮುಖ ಸಿಂಡರಿಸಿದ್ದು ನಿಜ. ಬೆಚ್ಚಗಿದ್ದರೂ ಅದು ಅಸಹ್ಯವೇ ನನಗೆ. ಆದರೆ ಎಷ್ಟು ಎಂದು ಅಮ್ಮನೇ ಹೇಳಿದ್ದು ಅರವತ್ತೇಳು ವರ್ಷದಲ್ಲಿ ಇದೇ ಮೊದಲು. ಅದರ ಮೇಲೆ ನಾನು ಮಾತಾಡುವುದಿಲ್ಲ.

ಬ್ರೋನ್ಕಾಗೆ ಹೇಳಬೇಕಾದ ಮಾತನ್ನು ದಿನವೂ ಬಾಯಿಪಾಠ ಮಾಡುತ್ತಿದ್ದೇನೆ. ಮೊದಲು ತುಂಬ ಉದ್ದವಿತ್ತು. ಈಗ ಇಷ್ಟೇ ಉಳಿದಿದೆ: ನಾನೇ ಹೇಳಿಬಿಟ್ಟೆ, ಹೇಳಬಾರದಿತ್ತು. ಅವಳು ರೈಲಿನ ಮೆಟ್ಟಿಲ ಮೇಲೆ ನಿಂತೇ ಕೇಳಲಿ, ನಾನು ಕೆಳಗೆ ನಿಂತಿರುತ್ತೇನೆ. ಮುದ್ದು ಮಾಡಲು ಕೈ ಚಾಚುವುದಿಲ್ಲ. ಇಳಿದರೆ ಮೃಗಾಲಯಕ್ಕೆ ಹೋಗೋಣ, ಹಬ್ಬದ ದಿನವೂ ತೆರೆದಿರುತ್ತದೆ, ವಿಚಾರಿಸಿದ್ದೇನೆ. ಇಳಿಯದಿದ್ದರೆ ಆ ರೈಲು ಹನ್ನೆರಡು ನಿಮಿಷ ನಿಂತು ನಿಮ್ಮೂರಿಗೇ ಹಿಂತಿರುಗುತ್ತದೆ. ನಿಮ್ಮಿಬ್ಬರಿಗೂ ವಾಪಸಿನ ಟಿಕೆಟ್ ತೆಗೆದಿಟ್ಟಿರುತ್ತೇನೆ.

ಪ್ರೆಶೊವ್‌ನಿಂದ ಮೊದಲ ರೈಲನ್ನೇ ಹಿಡಿಯಿರಿ. ಆ ಹೊತ್ತಿಗೆ ಬಕೆಟ್ ಹಿಡಿಯುವ ಗಂಡಸರೆಲ್ಲ ಇನ್ನೂ ಗೊರಕೆ ಹೊಡೆಯುತ್ತಿರುತ್ತಾರೆ.

ಏಪ್ರಿಲ್ ಹದಿನೇಳು, ಸೋಮವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ, ಕೊಶಿತ್ಸೆ ನಿಲ್ದಾಣ, ಎರಡನೆಯ ಪ್ಲಾಟ್‌ಫಾರ್ಮ್.

ಸ್ಲಾವ್ಕಾ